ಕಾಲುವೆಯ ಮೇಲೆ ನಮ್ಮ ಸಿಸ್ಟರ್

ನಮ್ಮ ಸಿಸ್ಟರ್ ಪಕ್ಕಕ್ಕೆ ತಿರುಗಿ ನಡೆಯುತ್ತಿದ್ದರು. ವಾರ್ಡಿನಲ್ಲಿ ಮಂಚಗಳ ನಡುವೆ ಎಷ್ಟೇ ಜಾಗವಿರಲಿ, ಎಡಭುಜ ಮುಂದೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು, ಏಡಿಯ ಹಾಗೆ ಸಾಗುತ್ತಿದ್ದರು. ಕೈಯಲ್ಲಿ ತುಂಬಿದ ಟ್ರೇ ಇದ್ದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಕಂಟೋನ್ಮೆಂಟಿನ ಆ ಆಸ್ಪತ್ರೆಗೆ ನಾನು ಹೊಸ ನರ್ಸಾಗಿ ಸೇರಿದಾಗ, ಪಾಪ, ಇವರಿಗೆ ಸೊಂಟನೋವಿರಬೇಕು ಅಂದುಕೊಂಡಿದ್ದೆ. ಒಮ್ಮೆ ಮರ್ಫಿ ಟೌನಿನ ಅವರ ಮನೆಗೆ ಹೋದ ಮೇಲೆ ಕಾರಣ ಗೊತ್ತಾಯಿತು. ರೈಲುಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಎರಡು ಕೋಣೆ. ಅದರಲ್ಲಿ ಅಪ್ಪ, ಅಮ್ಮ, ತಮ್ಮ, ತಮ್ಮನ ಹೆಂಡತಿ, ಮಕ್ಕಳು, ಹಳ್ಳಿಯಿಂದ ಬಂದು ಉಳಿದೇಬಿಟ್ಟ ಸೋದರತ್ತೆ. ಒಬ್ಬರು ಎದುರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಸಿಸ್ಟರ್ ಹುಟ್ಟಿದ್ದು, ಓದಿದ್ದು, ಸಂಬಳ ತಂದು ಸಂಸಾರ ನಡೆಸಿದ್ದು ಎಲ್ಲ ಅಲ್ಲೇ. ಮದುವೆಯಾಗಲಿಲ್ಲ.

ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ರೋಗಿಗೆ ಉಸಿರು ಸಿಕ್ಕಿಕೊಂಡು ನಾವೆಲ್ಲ ಗಾಬರಿಯಿಂದ ಓಡಾಡತೊಡಗಿದರೆ ಅವರ ದನಿ ಇನ್ನೂ ತಗ್ಗುತ್ತಿತ್ತು. ಏನು ಹೇಳುತ್ತಿದ್ದಾರೆ ಅಂತ ಕೇಳಿಸಿಕೊಳ್ಳಲಿಕ್ಕಾದರೂ ನಾವು ಸುಮ್ಮನಾಗಲೇಬೇಕಿತ್ತು.

ನಲವತ್ತು ದಾಟಿದ ಮೇಲೆ, ಇಂಗ್ಲೆಂಡಿನಲ್ಲಿ ನರ್ಸುಗಳು ಬೇಕಾಗಿದ್ದಾರೆ ಅಂತ ತಿಳಿದು, ಪರೀಕ್ಷೆ ಬರೆದು ಹೊರಟುಹೋದರು. ತಮ್ಮನ ಮಕ್ಕಳು ಓದಿ ದಾರಿ ಹಿಡಿದದ್ದು ಆ ದುಡಿಮೆಯಿಂದ. ನಿವೃತ್ತಿಯಾದ ಮೇಲೆ ಇನ್ನೇನು ವಾಪಸ್ಸು ಬರುತ್ತಾರೆ ಅಂತ ಮನೆಯವರೆಲ್ಲ ಕಾದರು. ಬಂದದ್ದು ಫೋನಿಗೆ ಒಂದು ಫೋಟೋ. ಕಾಲುವೆಯಲ್ಲಿ ಉದ್ದನೆಯ, ಕಿರಿದಾದ ಹಸಿರು ದೋಣಿ. ಅದರ ಹಿಂಬದಿಯಲ್ಲಿ ಉಣ್ಣೆ ಟೋಪಿ ಹಾಕಿಕೊಂಡು ನಿಂತ ಸಿಸ್ಟರ್. ಅದನ್ನು ಕೊಂಡು ಅದರಲ್ಲೇ ಒಬ್ಬಳೇ ವಾಸವಾಗಿದ್ದೇನೆ, ಊರಿಂದೂರಿಗೆ ಹೋಗುತ್ತಿರುತ್ತೇನೆ ಅಂತ ಬರೆದಿದ್ದರು.

ಹಲಸೂರಿನ ಕಡೆ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ತಮ್ಮನಿಗೆ ಅದು ನುಂಗಲಾರದ ತುತ್ತಾಯಿತು. ಅಕ್ಕ ಬೀದಿಗೆ ಬಿದ್ದಿದ್ದಾಳೆ, ಸಂಕೋಚಕ್ಕೆ ಹೇಳುತ್ತಿಲ್ಲ ಅಂತಲೇ ಅವರ ನಂಬಿಕೆ. ಮರುವರ್ಷ ನಮ್ಮ ಆಸ್ಪತ್ರೆಯವರು ತರಬೇತಿಗೆಂದು ನನ್ನನ್ನು ಇಂಗ್ಲೆಂಡಿಗೆ ಕಳಿಸುತ್ತಾರೆ ಅಂತ ಗೊತ್ತಾದ ಕೂಡಲೇ ಅವರು ನನ್ನ ಮನೆ ಹುಡುಕಿಕೊಂಡು ಬಂದರು.

“ಹೇಗಾದ್ರೂ ಮಾಡಿ ಒಪ್ಪಿಸಿ ಕರ್ಕೊಂಡ್ಬನ್ನಿ ಮೇಡಂ. ಅಲ್ಲಿ ಸತ್ತೋದ್ರೂ ಯಾರಿಗೂ ಗೊತ್ತಾಗಲ್ಲ,” ಅಂದರು. ಅವರ ಕಣ್ಣು ತುಂಬಿತ್ತು. ನಾನು ಒಪ್ಪಿಕೊಂಡೆ. ನನಗೂ ಅದೇ ಸರಿ ಅನ್ನಿಸಿತ್ತು.

ತರಬೇತಿ ಮುಗಿದ ಮೇಲೆ ಮೂರು ದಿನ ಅವರ ಜೊತೆ ಇದ್ದೆ. ದೋಣಿಯೊಳಗೆ ನಿಂತು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿತ್ತು. ಸೌದೆ ಒಲೆ, ಗ್ಯಾಸು, ಒಂದು ಮಂಚ, ಶೆಲ್ಫಿನ ಮೇಲೆ ರಾಗಿಹಿಟ್ಟಿನ ಡಬ್ಬ. ಎಲ್ಲ ವಾರ್ಡಿನಷ್ಟೇ ಚೊಕ್ಕಟ. ಅದರೊಳಗೆ ಅವರು ಪಕ್ಕಕ್ಕೆ ತಿರುಗಿ ಸರಾಗವಾಗಿ ಓಡಾಡುವುದನ್ನು ನೋಡಿ ನನಗೆ ನಗು ಬಂತು; ನಾನು ಮಾತ್ರ ಮೊದಲ ದಿನವೇ ಮೂರು ಕಡೆ ಮೊಣಕೈ ಬಡಿಸಿಕೊಂಡೆ. ಒಂದೇ ಕಡೆ ಎರಡು ವಾರಕ್ಕಿಂತ ಹೆಚ್ಚು ಕಟ್ಟಿಹಾಕುವಂತಿಲ್ಲ ಅಂತ ಅಲ್ಲಿಯ ನಿಯಮ. ಹಾಗಾಗಿ ಸದಾ ಸಂಚಾರ. ನಾಯಿ ಹಿಡಿದುಕೊಂಡು ದಡದಲ್ಲಿ ನಡೆಯುತ್ತಿದ್ದ ಮುದುಕನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ. ಅಷ್ಟು ನಿಧಾನ.

ಎರಡನೆಯ ದಿನ ಕಾಲುವೆ ಕಣಿವೆಯೊಂದನ್ನು ದಾಟಿತು. ಎತ್ತರದ ಕಂಬಗಳ ಮೇಲೆ ಕಬ್ಬಿಣದ ತೊಟ್ಟಿ, ಅದರ ತುಂಬ ನೀರು, ಆ ನೀರಿನ ಮೇಲೆ ನಾವು. ಒಂದು ಬದಿಗೆ ಕಂಬಿಯೂ ಇಲ್ಲ. ಕೆಳಗೆ ಕುರಿಗಳು ಅಕ್ಕಿಕಾಳಿನಷ್ಟು ಕಾಣುತ್ತಿದ್ದವು, ಹಕ್ಕಿಗಳು ನಮಗಿಂತ ಕೆಳಗೆ ಹಾರುತ್ತಿದ್ದವು. ನಾನು ಕುಳಿತೇಬಿಟ್ಟೆ. ಸಿಸ್ಟರ್ ಒಂದು ಕೈ ಚುಕ್ಕಾಣಿಯ ಮೇಲಿಟ್ಟು, ಇನ್ನೊಂದರಲ್ಲಿ ಕಾಫಿ ಲೋಟ ಹಿಡಿದು, ಆಕಾಶದ ನಡುವೆ ನಿಂತಿದ್ದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಾನು ಕೈ ಹಿಡಿದು ರಸ್ತೆ ದಾಟಿಸುತ್ತಿದ್ದ ಹೆಂಗಸು ಇವರೇನಾ ಅನ್ನಿಸಿತು.

ಅದೇ ದಿನ ಮಧ್ಯಾಹ್ನ ಒಂದು ಲಾಕ್ ಬಂತು. ಲಾಕ್ ಅಂದರೆ ದೋಣಿಯನ್ನು ಮೇಲಿನ ಮಟ್ಟದಿಂದ ಕೆಳಗಿಳಿಸುವ ಕಲ್ಲಿನ ತೊಟ್ಟಿ, ಎರಡು ಕಡೆಯೂ ಗೇಟು. ದೋಣಿಯನ್ನು ಒಳಗೆ ತಂದು ಮುಂದಿನ ಗೇಟಿನಿಂದ ನೀರು ಬಿಟ್ಟರೆ, ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಸಿಸ್ಟರ್ ಹಗ್ಗ ಹಿಡಿದು ದಡ ಹತ್ತಿ, ಕಬ್ಬಿಣದ ಹಿಡಿ ತಿರುಗಿಸಿ ನೀರು ಬಿಟ್ಟರು. ನಾನು ಒಳಗೆ ಚಹಾ ಕಾಯಿಸುತ್ತಿದ್ದೆ. ಇದ್ದಕ್ಕಿದ್ದಂತೆ ಲೋಟಗಳು ಜಾರಿದವು. ಕಾಲಡಿಯ ನೆಲ ಮುಂದಕ್ಕೆ ಬಾಗಿತು, ಹಿಂದಿನಿಂದ ಮರ ಸೀಳುವಂಥ ಸದ್ದು. ದೋಣಿ ಅಲುಗಾಡುತ್ತ ಹಿಂದೆ ಸರಿದು, ಅದರ ಹಿಂಭಾಗ ಹಿಂದಿನ ಗೇಟಿನ ಬುಡದ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟಿತ್ತು. ನೀರು ಇಳಿದಂತೆಲ್ಲ ಮುಂಬದಿ ಮಾತ್ರ ಕೆಳಗೆ ಹೋಗುತ್ತಿತ್ತು. ಇನ್ನೂ ಸ್ವಲ್ಪ ಬಾಗಿದ್ದರೆ ದೋಣಿಯ ಜೊತೆ ನಾನೂ ಮುಳುಗುತ್ತಿದ್ದೆ.

ಕಿಟಕಿಯಿಂದ ಮೇಲೆ ನೋಡಿದೆ. ಸಿಸ್ಟರ್ ಆಗಲೇ ನೀರು ಹೊರಹೋಗುವ ಕಿಂಡಿ ಮುಚ್ಚಿಬಿಟ್ಟಿದ್ದರು. ದಡದಲ್ಲಿ ಬಗ್ಗಿ, ವಾರ್ಡಿನ ಅದೇ ತಗ್ಗಿದ ದನಿಯಲ್ಲಿ ಹೇಳಿದರು: “ಗ್ಯಾಸ್ ಆಫ್ ಮಾಡು. ಇದ್ದಲ್ಲೇ ಗಟ್ಟಿಯಾಗಿ ಹಿಡ್ಕೊಂಡು ನಿಂತ್ಕೋ. ನಾನು ನೀರು ತರ್ತೀನಿ.”

ಓಡಲಿಲ್ಲ. ಗೇಟಿನ ಮೇಲಿನ ಒದ್ದೆ ಹಲಗೆಯ ಮೇಲೆ, ಎಡಭುಜ ಮುಂದೆ ಮಾಡಿ, ಪಕ್ಕಕ್ಕೆ ತಿರುಗಿ ದಾಟಿದರು. ಕೆಳಗೆ ಆ ಕಪ್ಪು ಆಳ. ಹಿಂದಿನ ಗೇಟಿನ ಹತ್ತಿರ ಹೋಗಿ ಹಿಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮೇಲಿನ ನೀರನ್ನು ಒಳಗೆ ಬಿಟ್ಟರು. ಡ್ರಿಪ್ ಬಿಡುವಾಗ ಹೀಗೇ ನಿಲ್ಲುತ್ತಿದ್ದರು, ಕಣ್ಣು ಎಲ್ಲಿಗೂ ಸರಿಯದು. ನೀರು ಏರಿತು. ದೋಣಿ ಒಮ್ಮೆ ನರಳಿ, ಕಲ್ಲಿನಿಂದ ಬಿಡಿಸಿಕೊಂಡು ನೆಟ್ಟಗಾಯಿತು.

ಆಮೇಲೆ ಚಹಾ ಕುಡಿಯುವಾಗ, ತಮಗೂ ಭಯವಾಗಿತ್ತು ಅಂದರು. ಭಯ ಆಗುತ್ತೆ, ಆಗಲಿ, ಅದಕ್ಕೇನು ಅನ್ನುವ ಹಾಗೆ ಮಾತಾಡಿದರು. ಇದೇ ಸಮಯ ಅಂತ ನಾನು ತಮ್ಮನ ಮಾತನ್ನೆಲ್ಲ ಹೇಳಿದೆ. ಸಾಯುವ ಹೊತ್ತಿಗೆ ಪಕ್ಕದಲ್ಲಿ ಯಾರೂ ಇರುವುದಿಲ್ಲವಲ್ಲ ಅನ್ನುವುದನ್ನೂ ಹೇಳಿದೆ.

ಸಿಸ್ಟರ್ ಲೋಟ ಕೆಳಗಿಟ್ಟರು.

“ಎಷ್ಟೊಂದು ಜನ ಹೋಗೋದನ್ನ ನೋಡಿದೀವಿ ನಾವಿಬ್ರೂ. ಸುತ್ತ ಹತ್ತು ಜನ ಇದ್ರೂ ಹೋಗೋರು ಒಬ್ರೇ ಹೋಗ್ತಾರೆ ಕಣೇ. ಅದು ನಂಗೆ ಹೊಸದಲ್ಲ. ಒಬ್ಳೇ ಬದುಕೋದು ಹೇಗಿರತ್ತೆ ಅಂತ ಮಾತ್ರ ಗೊತ್ತಿರ್ಲಿಲ್ಲ. ಅದನ್ನ ನೋಡ್ತಿದೀನಿ. ಅವನ ಮೇಲೆ ಕೋಪ ಇಲ್ಲ ಅಂತ ಹೇಳು.”

ಕರೆದುಕೊಂಡು ಬರಲು ಹೋದವಳು ಬರಿಗೈಲಿ ಬಂದೆ. ತಮ್ಮನ ಅಂಗಡಿಯಲ್ಲಿ ಕೂತು, ಕಂಡದ್ದನ್ನೆಲ್ಲ ಕಂಡ ಹಾಗೇ ಹೇಳಿದೆ. ಅವರು ಕೊನೆಯವರೆಗೆ ಕೇಳಿಸಿಕೊಂಡರು. ಆಕಾಶದಲ್ಲಿ ನೀರು ಹರಿಯುವ ಭಾಗವನ್ನು ಮಾತ್ರ ಇನ್ನೊಮ್ಮೆ ಹೇಳಿಸಿಕೊಂಡರು.

ಸಿಸ್ಟರ್ ಇನ್ನೂ ಕೆಲವು ವರ್ಷ ಹಾಗೇ ಸಂಚರಿಸಿದರು. ಕಳೆದ ಚಳಿಗಾಲದಲ್ಲಿ ದೋಣಿ ಮಾರಿ ಮರ್ಫಿ ಟೌನಿಗೆ ಬಂದರು. ಮಾರಿದ್ದೇನೆ ಅಂದ ಕೂಡಲೇ ನನಗೆ ಅರ್ಥವಾಯಿತು. ಕ್ಯಾನ್ಸರ್ ಪಿತ್ತಕೋಶ ದಾಟಿ ಹರಡಿತ್ತು. ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ದಿನಾ ಡ್ಯೂಟಿ ಮುಗಿಸಿಕೊಂಡು ಹೋಗಿ ನೋವಿನ ಔಷಧ ಕೊಟ್ಟು ಬರುತ್ತಿದ್ದೆ. ಆ ಎರಡು ಕೋಣೆಗಳಲ್ಲಿ ಸದಾ ಜನ. ಮಂಚದ ಸುತ್ತ, ಹೊಸ್ತಿಲ ಮೇಲೆ, ಕಿಟಕಿಯಾಚೆ.

ಕೊನೆಯ ವಾರದ ಒಂದು ಮಧ್ಯಾಹ್ನ ಸಿಸ್ಟರ್ ತಮ್ಮನನ್ನು ಹತ್ತಿರ ಕರೆದು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ತಮ್ಮ ಎದ್ದು ಎಲ್ಲರನ್ನೂ ಹೊರಗೆ ಕಳಿಸಿದರು, ಹೆಂಡತಿಯನ್ನೂ, ನನ್ನನ್ನೂ. ಕಡೆಗೆ ತಾವೂ ಬಂದು ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತರು. ಕೆ.ಆರ್. ಪುರದಿಂದ ನೆಂಟರು ಹಣ್ಣಿನ ಚೀಲ ಹಿಡಿದು ಬಂದರು. ಕಾಯಿಲೆಯವರನ್ನು ಒಬ್ಬರನ್ನೇ ಬಿಟ್ಟು ಹೊರಗೆ ಕೂತಿದ್ದೀರಲ್ಲ ಅಂತ ಅವರಲ್ಲೊಬ್ಬ ಹೆಂಗಸು ಸಿಟ್ಟಾದರು.

ತಮ್ಮ ಕದಲಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಹೇಳಿದರು:

“ಅಕ್ಕ ಒಳಗಿದ್ದಾಳೆ. ಆಮೇಲೆ ಬನ್ನಿ.”