ಹಿತ್ತಲಿನ ತೆಂಗಿನ ಮರ ಅಳೆದ ದಿನ

ನಾನು ಚಿಕ್ಕವನಿದ್ದಾಗ, ಚಿಕ್ಕವನೆಂದರೆ ತೀರ ಚಿಕ್ಕವನೂ ಅಲ್ಲ, ಮೀಸೆ ಮೂಡಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ವಯಸ್ಸು, ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಪಿಯುಸಿ ಮೊದಲ ವರ್ಷ, ವಿಜ್ಞಾನ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನನಗೆ ಅಲ್ಲಿ ಪುಸ್ತಕಗಳೆಲ್ಲ ಇಂಗ್ಲಿಷಿನವು. ಸೈನ್, ಕಾಸ್, ಟ್ಯಾನ್ ಎಂದು ಹಲಗೆಯ ಮೇಲೆ ಬರೆದಾಗ ನನಗೆ ಅವು ಯಾರೋ ಪರದೇಶದ ಅಣ್ಣತಮ್ಮಂದಿರ ಹೆಸರಿನಂತೆ ಕಂಡವು.

ಗಣಿತದ ಸರ್ ಹಾವೇರಿಯಿಂದ ರೈಲಿನಲ್ಲಿ ಬರುತ್ತಿದ್ದರು. ಒಂದು ಶನಿವಾರ ಬೆಳಗಿನ ಕ್ಲಾಸಿನಲ್ಲಿ ಅವರು ಮರದ ಚಿತ್ರ ಬರೆದು, ದೂರದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅವನ ಕಣ್ಣಿನಿಂದ ಮರದ ತುದಿಗೆ ಗೆರೆ ಎಳೆದರು. ನಾವೆಲ್ಲ ಪಿಳಿಪಿಳಿ ನೋಡುತ್ತಿದ್ದುದನ್ನು ಕಂಡು ಇಂಗ್ಲಿಷು ಬಿಟ್ಟರು.

"ನಲವತ್ತೈದು ಡಿಗ್ರಿಗೆ ಟ್ಯಾನ್ ಒಂದು. ಅಂದ್ರ ಏನು? ನೀ ಗಿಡದಿಂದ ಎಷ್ಟು ದೂರ ನಿಂತೀದಿ, ನಿನ್ನ ಕಣ್ಣಿನ ಮಟ್ಟದ ಮ್ಯಾಲ ಗಿಡ ಅಷ್ಟ ಎತ್ತರ ಐತಿ. ಏರೂದು ಬ್ಯಾಡ, ಹಗ್ಗ ಹಿಡಿಯೂದು ಬ್ಯಾಡ."

ನಾನು ಬರೆದುಕೊಂಡೆ. ನಂಬಲಿಲ್ಲ. ಪರೀಕ್ಷೆಗೆ ಬೇಕಾದ ಮಾತು ಎಂದುಕೊಂಡೆ, ಅಷ್ಟೆ.

ಮಧ್ಯಾಹ್ನ ಮನೆಗೆ ಬಂದಾಗ ಹಿತ್ತಲಿನಿಂದ ಕೊಡಲಿಯ ಸದ್ದು ಕೇಳಿಸಿತು. ನಮ್ಮ ತೆಂಗಿನ ಮರಕ್ಕೆ ಹಿಂದಿನ ಮಳೆಗಾಲದಲ್ಲಿ ಸಿಡಿಲು ಬಡಿದಿತ್ತು. ಸುಳಿ ಸುಟ್ಟು, ಒಣಗಿದ ಗರಿಗಳು ಹರಕು ಕೊಡೆಯಂತೆ ಜೋತುಬಿದ್ದಿದ್ದವು. ಕಾಂಡ ಒಳಗೆ ಕೊಳೆತು ಲಡ್ಡಾಗಿದ್ದುದರಿಂದ ಮೇಲೆ ಹತ್ತಿ ತುಂಡುತುಂಡಾಗಿ ಕಡಿಯಲು ಯಾರೂ ಒಪ್ಪಲಿಲ್ಲ. ಬುಡದಲ್ಲೇ ಕಡಿದು, ಹಗ್ಗ ಕಟ್ಟಿ ಎಳೆದು ಕೆಡವಲು ಅಪ್ಪ ಆಳುಗಳನ್ನು ಕರೆಸಿದ್ದರು. ಒಂದು ಬದಿ ಕರೆಂಟಿನ ತಂತಿ, ಇನ್ನೊಂದು ಬದಿ ಪಕ್ಕದವರ ದನದ ಕೊಟ್ಟಿಗೆ. ಉಳಿದದ್ದು ಮನೆಯ ಕಡೆಗಿನ ಖಾಲಿ ಹಿತ್ತಲು. ಅಲ್ಲಿ ಉದ್ದಕ್ಕೆ ಹಿಡಿಸುತ್ತದೆ ಎಂದು ಅಪ್ಪ ಕಣ್ಣಳತೆಯಲ್ಲೇ ನಿರ್ಧರಿಸಿದ್ದರು.

ಹಿತ್ತಲಿಗೆ ಅಂಟಿಕೊಂಡ ಕೋಣೆ ಬಾಣಂತಿಯದು. ಬ್ಯಾಡಗಿಗೆ ಮದುವೆಯಾಗಿದ್ದ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಆ ಕೋಣೆಯಲ್ಲಿ ಸದಾ ಲೋಬಾನದ ಹೊಗೆ, ಬೆಳ್ಳುಳ್ಳಿ ಕಾಸಿದ ಎಣ್ಣೆಯ ವಾಸನೆ, ಬೆಚ್ಚಗಿನ ಮಬ್ಬು. ಕಿಟಕಿಯ ಹತ್ತಿರ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಹಸುಗೂಸು ಮಲಗಿರುತ್ತಿತ್ತು.

ನನಗೆ ಸರ್ ಹೇಳಿದ ಮಾತು ನೆನಪಾಯಿತು. ಸುಮ್ಮನೆ ಆಟಕ್ಕೆಂದು ಕಂಪಾಸ್ ಪೆಟ್ಟಿಗೆಯಿಂದ ನಲವತ್ತೈದು ಡಿಗ್ರಿಯ ಮೂಲೆಮಟ್ಟ, ಆ ಪ್ಲಾಸ್ಟಿಕ್ ತ್ರಿಕೋನ, ತೆಗೆದೆ. ಒಂದು ಅಂಚನ್ನು ನೆಲಕ್ಕೆ ಸಮನಾಗಿ ಹಿಡಿದು, ಓರೆ ಅಂಚಿನ ಗುಂಟ ಮೇಲೆ ನೋಡುತ್ತ ಮರದಿಂದ ಹಿಂದಕ್ಕೆ ಸರಿಯತೊಡಗಿದೆ. ಓರೆ ಗೆರೆ ತುದಿಯನ್ನು ಮುಟ್ಟಿದ ಕಡೆ ನಿಲ್ಲಬೇಕು. ಬಟ್ಟೆ ಒಗೆಯುವ ಕಲ್ಲು ದಾಟಿದೆ. ಕರಿಬೇವಿನ ಗಿಡ ದಾಟಿದೆ. ತುದಿ ಇನ್ನೂ ಗೆರೆಗಿಂತ ಮೇಲೆಯೇ ಇತ್ತು. ಇನ್ನಷ್ಟು ಹಿಂದೆ ಸರಿದೆ. ಬೆನ್ನಿಗೆ ತಟ್ಟನೆ ಗೋಡೆ ತಾಗಿತು.

ತುದಿ ಆಗಲೂ ಗೆರೆಗಿಂತ ಮೇಲೆಯೇ ಇತ್ತು.

ಹಾಗಾದರೆ ಮರ ಹಿತ್ತಲಿಗಿಂತ ಉದ್ದ. ಹಾಗಾದರೆ ಅದು ಬೀಳುವುದು ನನ್ನ ಬೆನ್ನ ಹಿಂದಿನ ಕೋಣೆಯ ಮೇಲೆ. ಅಪ್ಪನ ಬಳಿಗೆ ಓಡಿ ಒಂದೇ ಉಸಿರಿಗೆ ಹೇಳಿದೆ.

ಅಪ್ಪ ನಕ್ಕರು. "ಏ ತಮ್ಮಾ, ಆ ಗಿಡ ಹಚ್ಚಿದಾವ ನಾನು. ಅದರ ಉದ್ದ ನಿನ್ನ ಪ್ಲಾಸ್ಟಿಕ್ ತುಂಡು ಹೇಳ್ತೈತೇನು? ಸರಿ ಅತ್ತಾಗ."

"ಅಪ್ಪಾ, ನಿಲ್ಲಸ್ರಿ ಇವರನ್ನ!"

ಕೊಡಲಿ ಹಿಡಿದವನು ಬೆವರು ಒರೆಸಿಕೊಂಡು, "ಅರ್ಧಕ್ಕಿಂತ ಜಾಸ್ತಿ ಕಡದೇವಿ. ಈಗ ಬಿಟ್ರ, ಗಾಳಿ ಬಂತಂದ್ರ ಎತ್ತಾಗ ಬೀಳ್ತೈತೋ ಹೇಳಾಕ ಬರಂಗಿಲ್ಲ" ಎಂದ. ಅಪ್ಪ ಹಗ್ಗ ಹಿಡಿದವರ ಕಡೆ ತಿರುಗಿಬಿಟ್ಟರು.

ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು. ತಲೆಗೆ, ಕಿವಿಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಖರೇ ಹೇಳು. ಚಲೋತ್ನ್ಯಾಗ ನೋಡೀದಿ?"

"ನೋಡೇನಿ ಅಕ್ಕಾ. ಆದ್ರ... ನನಗ ಪೂರಾ ಗೊತ್ತಿಲ್ಲ."

"ಗೊತ್ತಿಲ್ಲಂದ್ರೂ ಕೂಸು ಇಲ್ಲಿರೂದು ಬ್ಯಾಡ" ಎಂದವಳೇ ಮಗುವನ್ನು ಎದೆಗವಚಿಕೊಂಡು ಹೊರಟಳು. ಅಡುಗೆಮನೆಯಿಂದ ಅವ್ವ, "ಹಸಿ ಬಾಣಂತಿ ಗಾಳಿಗೆ ಹೊಂಟೀಯಲ್ಲ!" ಎಂದು ಕೂಗಿಕೊಳ್ಳುತ್ತ ಬೆನ್ನು ಹತ್ತಿದಳು. ಅಕ್ಕ ನಿಲ್ಲಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ನಾನೂ ಅಲ್ಲಿಗೆ ಓಡಿದೆ.

ಅವಳ ಸೆರಗು ಸರಿಪಡಿಸಲು ಅವ್ವ ಬಗ್ಗಿದ್ದಳಷ್ಟೆ. ಹಿಂದಿನಿಂದ ಕಟಕಟ ಎಂಬ ಸದ್ದು, ಆಮೇಲೆ ಸುಯ್ಯೆಂಬ ಗಾಳಿ, ಆಮೇಲೆ ಕಾಲ ಕೆಳಗಿನ ನೆಲವೇ ಎದ್ದು ಬಿದ್ದಂತೆ ಒಂದು ಏಟು. ಅದರ ಹಿಂದೆಯೇ ಹಂಚುಗಳು ಚೂರಾಗಿ ಉದುರಿದವು. ಮಗು ಕಿಟಾರನೆ ಕಿರುಚಿತು.

ಕೋಣೆಯೊಳಗೆ ಮೊದಲ ಬಾರಿಗೆ ಆಕಾಶ ಕಾಣುತ್ತಿತ್ತು. ಬಿಸಿಲಲ್ಲಿ ಕೆಂಪು ಧೂಳು ಸುತ್ತುತ್ತಿತ್ತು. ಮರದ ತಲೆ ಹಂಚಿನ ಮಾಡನ್ನು ಸೀಳಿ ಒಳಗಿಳಿದಿತ್ತು. ತೊಟ್ಟಿಲ ಒಂದು ಹಗ್ಗ ಹರಿದು, ಅದರ ತುಂಬ ಒಡೆದ ಹಂಚು, ಸುಟ್ಟ ಗರಿ. ಅಪ್ಪ ಬಾಗಿಲಲ್ಲಿ ಬಂದು ನಿಂತರು. ತೊಟ್ಟಿಲನ್ನು ನೋಡಿದರು. ಒಳಗೆ ಬಂದು ತೊಟ್ಟಿಲ ಪಕ್ಕದಲ್ಲೇ ಕುಳಿತು, ಅದರೊಳಗೆ ಕೈ ಹಾಕಿ ಹಂಚಿನ ಒಂದು ಚೂರು ತೆಗೆದು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಉಳಿದರು.

ನಾನು ನಡುಗುತ್ತಿದ್ದೆ. ಹೆದರಿಕೆಯಲ್ಲದೆ ನನ್ನ ನಡುಕಕ್ಕೆ ಇನ್ನೊಂದು ಕಾರಣವಿತ್ತು. ಬೆಳಿಗ್ಗೆ ಸರ್ ಸೀಮೆಸುಣ್ಣದಲ್ಲಿ ಎಳೆದ ಗೆರೆ ನಿಜವಾಗಿತ್ತು. ಹಲಗೆಯ ಮೇಲಿನದು ಹಲಗೆಯ ಮೇಲೆಯೇ ಇರುತ್ತದೆ ಎಂದು ತಿಳಿದಿದ್ದ ನನಗೆ ಆ ಸತ್ಯವೇ ಮರಕ್ಕಿಂತ ಜೋರಾಗಿ ಬಡಿದಿತ್ತು.

ಹೊತ್ತು ಮುಳುಗುವ ಮುಂಚೆ ಅಪ್ಪ ನನ್ನ ಬಳಿ ಬಂದು ಕೈ ಚಾಚಿದರು. ಮೂಲೆಮಟ್ಟ ಕೊಟ್ಟೆ. ಎದುರಿನ ಬೇವಿನ ಮರದ ಕಡೆ ಅದನ್ನು ತಲೆಕೆಳಗಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, "ಹೆಂಗ ನೋಡೂದು, ತೋರಸು" ಎಂದರು. ನಾನು ಅವರ ಕೈ ಹಿಡಿದು ಅದನ್ನು ನೆಟ್ಟಗೆ ತಿರುಗಿಸಿದೆ.

ಮಕ್ಕಳೇ, ನೀವೀಗ ಫೋನನ್ನು ಮೇಲೆತ್ತಿದರೆ ಸಾಕು, ಎದುರಿನ ಕಟ್ಟಡದ ಎತ್ತರ ಪರದೆಯ ಮೇಲೆ ಮೂಡುತ್ತದೆ. ಅದನ್ನು ನೋಡಿ ಆಟಕ್ಕೆ ಓಡುತ್ತೀರಿ. ನಿಮ್ಮನ್ನು ಮಲಗಿಸಿದ ಕೋಣೆಗಳಿಗೆ ಗಟ್ಟಿ ಸಿಮೆಂಟಿನ ಛಾವಣಿ. ಒಳ್ಳೆಯದೇ ಆಯಿತು, ಅದಕ್ಕಾಗಿ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಪುಸ್ತಕದ ಒಂದು ಮಾತು ನಿಜವೆಂದು ಮೊದಲ ಸಲ ಗೊತ್ತಾದಾಗ ಮೈ ನಡುಗುತ್ತದಲ್ಲ, ಆ ನಡುಕ ನಿಮಗೂ ಒಮ್ಮೆ ಬರಲಿ. ಹಂಚು ಒಡೆಯದೆ ಬರಲಿ.