ಎರಡು ವೂಫರ್, ಒಂದು ಉಲ್ಟಾ ವೈರು

ಗೆಳೆಯರೇ, ನನಗಿನ್ನೂ ಸಿಟ್ಟು ಇಳಿದಿಲ್ಲ. ಇವತ್ತು ತಮ್ಮ ರಾಘುವಿನ ಜೊತೆ ಅಂಧೇರಿಯ ಒಂದು ಕಾರ್ ಟೇಪ್ ಅಂಗಡಿಗೆ ಹೋಗಿದ್ದೆ. ಮೊನ್ನೆ ಅವನು ಅಲ್ಲೇ ತನ್ನ ಫಿಯಟ್‌ಗೆ ಎರಡನೆಯ ವೂಫರ್, ಅಂದರೆ ಧಂಧಂ ಎನ್ನುವ ದಪ್ಪ ಸದ್ದಿನ ಸ್ಪೀಕರ್, ಹಾಕಿಸಿದ್ದ. "ಅಕ್ಕಾ, ಒಂದಿದ್ದಾಗ ಎದಿ ನಡಗತಿತ್ತು. ಎರಡ ಆದ ಮ್ಯಾಲೆ ಸೊಳ್ಳಿ ಗುಂಯ್ ಅಂದಂಗ ಆಗೇದ," ಎಂದು ಗೋಳಾಡಿದ್ದ.

ಅಂಗಡಿಯವನ ಉತ್ತರ ಸಿದ್ಧವಾಗಿತ್ತು. "ಭಾಯಿಸಾಬ್, ತೀಸ್ರಾ ಲಗಾನಾ ಪಡೇಗಾ." ಮೂರನೆಯದೂ ಬೇಕಂತೆ!

ಡಿಕ್ಕಿ ತೆರೆದು ನೋಡಿದೆ. ಆಂಪ್ಲಿಫೈಯರಿನಿಂದ ಎರಡನೆಯ ವೂಫರಿಗೆ ಹೋದ ಪ್ಲಸ್, ಮೈನಸ್ ವೈರುಗಳು ಅದಲುಬದಲಾಗಿದ್ದವು. ಒಂದು ವೂಫರ್ ಗಾಳಿಯನ್ನು ತಳ್ಳಿದರೆ ಇನ್ನೊಂದು ಎಳೆದುಕೊಂಡು ಸದ್ದನ್ನೇ ನುಂಗುತ್ತಿತ್ತು. "ಏ ವೈರ್ ಉಲ್ಟಾ ಹೈ," ಎಂದೆ. ಅವನು ನನ್ನ ಮುಖವನ್ನೂ ನೋಡದೆ ರಾಘುವಿಗೆ, "ಮೇಡಂ ಕೋ ಅಂದರ್ ಬಿಠಾವೋ, ಧೂಪ್ ಹೈ," ಎಂದ. ಬಿಸಿಲಿದೆ, ನನ್ನನ್ನು ಒಳಗೆ ಕೂರಿಸಬೇಕಂತೆ! ವಿಕ್ರೋಳಿಯ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಮೋಟಾರುಗಳಿಗೆ ವೈರಿಂಗ್ ಮಾಡುತ್ತಿರುವವಳು ನಾನು!

ಅವನ ಸ್ಕ್ರೂಡ್ರೈವರನ್ನೇ ಎತ್ತಿಕೊಂಡು ವೈರುಗಳನ್ನು ಬದಲಿಸಿದೆ. ಟೇಪ್ ಹಾಕಿದ ಕೂಡಲೇ ಕಾರಿನ ಗಾಜುಗಳು ಗಡಗಡ ನಡುಗಿದವು. ರಾಘು ಬಾಯಿತುಂಬ ನಕ್ಕ.

ಅಂಗಡಿಯವನು ತಪ್ಪೊಪ್ಪಿಕೊಳ್ಳುತ್ತಾನೆಂದು ಕಾದೆ. ಅವನೋ ಪಕ್ಕದ ಗಿರಾಕಿಯತ್ತ ತಿರುಗಿ, ಎದೆಯುಬ್ಬಿಸಿ, "ದೇಖಾ? ಹಮಾರಾ ಸ್ಪೆಷಲ್ ಸೆಟಿಂಗ್!" ಎಂದ. ಎಲ್ಲ ಅವನದೇ ಕೈಚಳಕವಂತೆ! ಆ ಗಿರಾಕಿ ತಲೆದೂಗಿ, ತನ್ನ ಕಾರನ್ನೂ ಅಲ್ಲೇ ಬಿಟ್ಟುಹೋದ.

ನನ್ನ ಹನ್ನೊಂದು ವರ್ಷದ ಕೆಲಸ ಅವನಿಗೆ ಪುಕ್ಕಟೆ ಜಾಹೀರಾತಾಯಿತು ನೋಡಿ.