ಕಿಯೊಂಗಾನ ಕಾವಲಿನ ಮ್ವಾದಿ

ಮ್ವಾದಿಗೆ ನಿದ್ದೆ ಬಿಟ್ಟುಹೋಗಿತ್ತು. ನಿದ್ದೆ ಬಾರದ ಮುದುಕಿಯರು ಎಲ್ಲ ಊರಲ್ಲೂ ಇರುತ್ತಾರೆ. ಎದ್ದು ಕೂತು, ಸೊಸೆಯ ಮೇಲೆ ಗೊಣಗಿಕೊಂಡು ಬೆಳಗು ಮಾಡುತ್ತಾರೆ, ಅದರಿಂದ ಯಾರ ಗಂಟೂ ಹೋಗುವುದಿಲ್ಲ. ಆದರೆ ಮ್ವಾದಿಯ ನಿದ್ದೆ ಅವಳೊಬ್ಬಳದಾಗಿರಲಿಲ್ಲ, ಊರಿನದಾಗಿತ್ತು. ಅವಳು ಮಲಗಬೇಕು, ಕನಸು ಕಾಣಬೇಕು, ಕನಸಿನಲ್ಲಿ ಕಿಯೊಂಗಾ ಹೇಳಿದ್ದನ್ನು ಎಳೆಚಂದ್ರ ಕಂಡ ಮರುದಿನ ಬೆಳಗ್ಗೆ ಎಲ್ಲರೆದುರು ಹೇಳಬೇಕು. ಯಾವ ಹೊಲದಲ್ಲಿ ಮೊದಲು ಬಿತ್ತಬೇಕು, ಯಾವ ಬಸುರಿ ಹೊಳೆ ದಾಟಬಾರದು, ಸಿಡುಬು ಯಾವ ದಾರಿ ಹಿಡಿದು ಬರುತ್ತಿದೆ, ಇದೆಲ್ಲ ಅವಳು ಕಣ್ಣು ಮುಚ್ಚಿದರೆ ಊರಿಗೆ ಗೊತ್ತಾಗುವ ಸಂಗತಿ. ಕಣ್ಣೇ ಮುಚ್ಚದಿದ್ದರೆ ಪಾಪ ಅವಳಾದರೂ ಏನು ಮಾಡಬೇಕು?

ಕಿಯೊಂಗಾ ಎಂದರೆ ಊರ ನ್ಕಿಶಿ. ಸೊಂಟದೆತ್ತರದ ಮರದ ಮೂರ್ತಿ. ಎರಡೂ ಕೈ ಹೊಟ್ಟೆಯ ಮೇಲೆ, ನೆತ್ತಿಯಲ್ಲಿ ಆಡಿನ ಕೊಂಬು, ಮುಖಕ್ಕೆ ತಾಮ್ರದ ಪಟ್ಟಿ, ನಡುವಿಗೆ ನಾರಿನ ಬಟ್ಟೆ. ಕೆತ್ತಿದವನು ಯಾರೋ, ಅವನ ಹೆಸರು ಯಾರಿಗೂ ನೆನಪಿಲ್ಲ, ಅವನು ಕೆತ್ತಿದ್ದು ಬರೀ ಮರ. ಅದರ ಹೊಟ್ಟೆಗೂ ಕೊಂಬಿಗೂ ಮದ್ದು ತುಂಬಿ ಜೀವ ಕೊಟ್ಟವನು ಎಬೊಂಡೊನ ಅಜ್ಜ. ಈಗ ಮದ್ದಿನ ಕೆಲಸ ಎಬೊಂಡೊನದು. ಕಿಯೊಂಗಾನನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ತೋಳುಗಳಿಗೆ ಕಟ್ಟಿದ ಉದ್ದನೆಯ ಕೋಲು ಹಿಡಿದೇ ಹೊರಗೆ ತರಬೇಕು, ಒಳಗೆ ಒಯ್ಯಬೇಕು. ಅವನಲ್ಲಿ ಬೇಡಿಕೊಂಡು ಹುಟ್ಟಿದ ಮಕ್ಕಳಿಗೆಲ್ಲ ಅವನದೇ ಹೆಸರು. ಕಿಯೊಂಗಾ ಬಾರೋ ಎಂದು ಯಾರಾದರೂ ಕೂಗಿದರೆ ಊರ ಅಂಗಳ ತುಂಬುತ್ತದೆ, ಮರದವನೊಬ್ಬನನ್ನು ಬಿಟ್ಟು.

ಮ್ವಾದಿ ಈ ಕಾವಲಿಗೆ ಬಿದ್ದದ್ದು ತನ್ನ ಬಾಯಿಯ ದೆಸೆಯಿಂದ. ಲೊಮಾಮಿ ಹೊಳೆಯಾಚೆಯ ಊರಿನಿಂದ ಮದುವೆಯಾಗಿ ಬಂದವಳು, ಇಲ್ಲಿಯ ರೀತಿ ಅವಳಿಗೇನು ಗೊತ್ತು? ಮಗಳು ಕಬೇದಿ ಆಗಷ್ಟೇ ಹೆಜ್ಜೆ ಹಾಕಲು ಕಲಿತಿದ್ದಳು. ಹೆಂಗಸರೆಲ್ಲ ತೊರೆಯಲ್ಲಿ ಮರಗೆಣಸು ನೆನೆಹಾಕುತ್ತಿದ್ದಾಗ ಮ್ವಾದಿ ನಗುತ್ತಾ, "ನಿನ್ನೆ ನನ್ನ ಕನಸಲ್ಲಿ ಕಿಯೊಂಗಾ ಬಂದಿದ್ದ ಕಣ್ರೇ. ಕೋಲಿಲ್ದೆ ತಾನೇ ನಡ್ಕೊಂಡು ಬಂದು, ನಮ್ಮ ಬಾಗಿಲಲ್ಲಿ ನಿಂತು ಎಣ್ಣೆ ಕೇಳ್ದ," ಎಂದುಬಿಟ್ಟಳು.

ಒಬ್ಬಳೂ ನಗಲಿಲ್ಲ. ಕಿಯೊಂಗಾ ಕೋಲಿಲ್ಲದೆ ಯಾರ ಬಾಗಿಲಿಗೆ ಬರುತ್ತಾನೋ ಅವಳೇ ಅವನ ಮುಂದಿನ ಕಾವಲಿನವಳು. ಈ ಊರಲ್ಲಿ ಹುಟ್ಟಿದ ಹುಡುಗಿಯರಿಗೆ ಇದು ಹಾಲು ಬಿಡುವ ಮೊದಲೇ ಗೊತ್ತು. ಹಾಗಾಗಿ ಅಂಥ ಕನಸು ಬಿದ್ದರೂ ನುಂಗಿಕೊಂಡು ಸುಮ್ಮನಿರುತ್ತಾರೆ. ನಾಲ್ಕು ಕಿವಿಗೆ ಬಿದ್ದ ಕನಸನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ಆ ಸಂಜೆಯೇ ಅವಳಿಗಾಗಿ ಕಿಯೊಂಗಾನ ಗುಡಿಸಲು ಸಾರಿಸಿದರು. ಕಾವಲಿನವಳಿಗೆ ಗಂಡನ ಹಾಸಿಗೆಯಿಲ್ಲ, ಹೆರಿಗೆಯಿಲ್ಲ, ಬೇರೆ ಸೂರಿನ ಕೆಳಗೆ ಒಂದು ರಾತ್ರಿಯೂ ಇಲ್ಲ. ಆ ಗುಡಿಸಲಲ್ಲಿ ಮಗು ಮಲಗುವಂತೆಯೂ ಇಲ್ಲ. ಕಬೇದಿಯನ್ನು ಹೊಳೆಯಾಚೆ ಇದ್ದ ಅವಳ ಸೋದರತ್ತೆ ಎತ್ತಿಕೊಂಡು ಹೋದಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ, ಅವನನ್ನು ಅಂದು ಪ್ರಯೋಜನವಿಲ್ಲ ಬಿಡಿ. ಊರಿಗೆ ಊರೇ ಮ್ವಾದಿಯನ್ನು ಅವ್ವಾ ಅವ್ವಾ ಎಂದಿತು. ಹಾಗೆನ್ನಬೇಕಾಗಿದ್ದ ಕೂಸು ಮಾತು ಕಲಿತು ಬೇರೊಬ್ಬಳನ್ನು ಹಾಗೆ ಕರೆಯಿತು. ಅದನ್ನು ಕೇಳಿದ ದಿನ ಮ್ವಾದಿ ಉಣ್ಣಲಿಲ್ಲ.

ಈಗ ಆ ಕಬೇದಿಗೇ ಮಕ್ಕಳಾಗಿವೆ. ಹಿಂದಿನ ಬೇಸಗೆಯಲ್ಲಿ ಬಂದವಳು ಗುಡಿಸಲ ಹೊರಗೆ ಕೂತು ತಾಯಿಯ ಕಾಲು ನೀವುತ್ತಾ ಹೇಳಿದಳು: "ನಿಂಗೆ ಅಂತ ಒಂದು ಕೋಣೆ ಕಟ್ಸಿದೀನಿ. ಬೆಳಗಿನ ಬಿಸ್ಲು ಬೀಳುತ್ತೆ. ಯಾವಾಗ ಬರ್ತೀಯವ್ವಾ?"

"ಇನ್ನೊಬ್ಳಿಗೆ ಕನಸು ಬೀಳ್ಲಿ."

"ಅದು ಯಾವಾಗ ಬೀಳುತ್ತೆ?"

"ಬಿದ್ದೇ ಇರುತ್ತೆ. ಬಾಯಿ ಬಿಟ್ಟು ಹೇಳೋ ದಡ್ಡಿ ಇನ್ನೊಬ್ಳು ಸಿಗ್ಬೇಕಲ್ಲ."

ಆಮೇಲೆ ಮ್ವಾದಿ ಆ ಕೋಣೆಯನ್ನು ಬಹಳ ಸಲ ನೆನೆಸಿಕೊಂಡಳು. ಯಾರಿಗಾಗಿಯೂ ಅಲ್ಲದ ನಿದ್ದೆ, ಎದ್ದ ಮೇಲೆ ಯಾರಿಗೂ ಹೇಳಬೇಕಿಲ್ಲದ ಕನಸು. ಮಗಳು ಬಡಿಸಿದ ಬಿಸಿ ಮುದ್ದೆ, ಮರಗೆಣಸಿನ ಸೊಪ್ಪಿನ ಸಾರು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು, ಇದೂ ದೊಡ್ಡ ಆಸೆಯೇನಲ್ಲ.

ಎರಡು ಎಳೆಚಂದ್ರ ಬಂದು ಹೋದರೂ ಅವಳ ಬಳಿ ಹೇಳಲು ಏನೂ ಇರಲಿಲ್ಲ. ಮೂರನೆಯದು ಹತ್ತಿರವಾದಾಗ ಊರ ಯಜಮಾನ ಮುಕೊಂಕೊಲೆಯೂ ಎಬೊಂಡೊನೂ ಗುಡಿಸಲಿಗೆ ಬಂದರು.

"ನಿಜ ಹೇಳು ಮ್ವಾದಿ," ಎಂದ ಎಬೊಂಡೊ. "ಅವನು ಮಾತು ಬಿಟ್ನೋ, ನೀನು ಕೇಳೋದು ಬಿಟ್ಟೆಯೋ?"

"ಅವನನ್ನೇ ಕೇಳ್ಕೋ. ನಿಮ್ಮಜ್ಜ ತುಂಬಿಸಿದ ಹೊಟ್ಟೆ ತಾನೇ."

ಮುಕೊಂಕೊಲೆ ಮೆಲ್ಲಗೆ ಹೇಳಿದ: "ಅವ್ವ, ನಿಮ್ಮನ್ನ ದೂರೋಕೆ ಬಂದಿಲ್ಲ. ನಾಡಿದ್ದು ನೀವು ಏನೂ ಇಲ್ಲ ಅಂದ್ರೆ, ಹೆಂಗಸರನ್ನೆಲ್ಲ ಅವನ ಮುಂದೆ ನಿಲ್ಸಿ ಒಬ್ಬೊಬ್ಬರನ್ನೇ ಕೇಳ್ತೀವಿ. ಅವನೆದುರು ಸುಳ್ಳು ಹೇಳಿ ದಕ್ಕಿಸ್ಕೊಂಡೋರಿಲ್ಲ. ಯಾರಿಗೋ ಬಿದ್ದಿರುತ್ತೆ, ಒಪ್ಕೋತಾರೆ. ನೀವು ಮಗಳ ಮನೆಗೆ ಹೊರಡ್ಬಹುದು."

ಅವರು ಹೋದ ಮೇಲೆ ಮ್ವಾದಿ ತನ್ನ ಎರಡು ಬಟ್ಟೆಗಳನ್ನು ಒಗೆದು ಹರವಿದಳು.

ಮರುದಿನ ಮಧ್ಯಾಹ್ನ ಲುಸಾಂಬಾ ಬಂದಳು. ಹೊಳೆಯಾಚೆಯಿಂದಲೇ ಸೊಸೆಯಾಗಿ ಬಂದ ಹುಡುಗಿ, ಎರಡು ಕೂಸು ಕಳೆದುಕೊಂಡವಳು, ಈಗ ಮತ್ತೆ ತುಂಬಿದ ಬಸುರಿ. ಸೆರಗಿನಲ್ಲಿ ಕಟ್ಟಿ ತಂದಿದ್ದ ಕಡಲೆಕಾಯಿಯನ್ನು ಮುದುಕಿಯ ಮುಂದೆ ಸುರಿದು ಕೂತಳು.

"ಅಜ್ಜಿ, ಒಂದು ಮಾತು. ಬೈಬಾರ್ದು."

"ಬೈಯೋಕೂ ಶಕ್ತಿ ಬೇಕಲ್ಲ. ಹೇಳು."

"ಕನಸಲ್ಲಿ ಕಿಯೊಂಗಾ ಬಂದಿದ್ದ. ಕೋಲು ಗೀಲು ಏನಿಲ್ಲ, ತಾನೇ ನಡ್ಕೊಂಡು ಬಂದು ಬಾಗಿಲಲ್ಲಿ ನಿಂತ. ಸ್ವಲ್ಪ ಎಣ್ಣೆ ಕೊಡು ಅಂದ." ಹುಡುಗಿಯ ಮುಖ ಅರಳಿತ್ತು. "ನಮ್ಮನೆಗೇ ಬಂದ ಅಂದ್ರೆ ಈ ಸಲ ಮಗು ಉಳಿಯುತ್ತೆ ಅಲ್ವಾ? ನಾಳೆ ಎಲ್ಲರ ಮುಂದೆ ಹೇಳ್ಬೇಕು ಅಂತಿದೀನಿ."

ಮ್ವಾದಿಯ ಕೈಯಲ್ಲಿದ್ದ ಕಡಲೆಕಾಯಿ ಅಲ್ಲೇ ನಿಂತಿತು. ಅವಳು ಏನೂ ಮಾಡಬೇಕಾಗಿರಲಿಲ್ಲ. ದೂರು ಹೇಳಬೇಕಿಲ್ಲ, ಬೆರಳು ತೋರಿಸಬೇಕಿಲ್ಲ, ಸುಮ್ಮನಿದ್ದರೆ ಸಾಕು. ಹುಡುಗಿ ತಾನಾಗಿ ಬಾಯಿ ಬಿಡುತ್ತಾಳೆ, ತಾನು ಮಗಳ ಮನೆಗೆ ಸಂಜೆಯ ದೋಣಿ ಹತ್ತಬಹುದು. ಖುಷಿಯಾಯಿತೇ ಎಂದರೆ, ಆಯಿತು. ಸುಳ್ಳು ಯಾಕೆ ಹೇಳಬೇಕು, ಎದೆ ತುಂಬಿ ಬರುವಷ್ಟು ಆಯಿತು. ಆಮೇಲೆ ಕಣ್ಣು ಲುಸಾಂಬಾಳ ಹೊಟ್ಟೆಯ ಮೇಲೆ ಬಿತ್ತು.

"ಯಾರಿಗಾದ್ರೂ ಹೇಳಿದೀಯಾ?"

"ಗಂಡಂಗೂ ಹೇಳಿಲ್ಲ."

"ನಾಳೆ ನಾನು ಮಾತಾಡೋವರೆಗೆ ತುಟಿ ಬಿಚ್ಬೇಡ."

ಬೆಳಗ್ಗೆ ಊರೆಲ್ಲ ಸೇರಿತು. ಕೋಲು ಹಿಡಿದವರು ಕಿಯೊಂಗಾನನ್ನು ಹೊರಗೆ ತಂದು ನಿಲ್ಲಿಸಿದರು. ಎಬೊಂಡೊ ಕೋಳಿ ಕುಯ್ದು ರಕ್ತ ಹನಿಸಿದ. ಮುಕೊಂಕೊಲೆ ಮ್ವಾದಿಯ ಕಡೆ ತಿರುಗಿದ.

"ಅವ್ವ, ಏನಾದ್ರೂ ಹೇಳಿದ್ನಾ?"

ಹೆಂಗಸರ ಸಾಲಿನಲ್ಲಿ ಲುಸಾಂಬಾ ಒಂದು ಹೆಜ್ಜೆ ಮುಂದೆ ಬಂದಳು.

"ಬಂದಿದ್ದ," ಎಂದಳು ಮ್ವಾದಿ. "ಕೋಲಿಲ್ದೆ ಬಂದಿದ್ದ. ನನ್ನ ಬಾಗಿಲಲ್ಲಿ ನಿಂತು ಎಣ್ಣೆ ಕೇಳ್ದ."

ಎಬೊಂಡೊ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಏನು ಹೇಳ್ತಿದೀಯ ಅಂತ ಗೊತ್ತಾ? ಎರಡು ಸಲ ಕರೆಸ್ಕೊಂಡೋಳನ್ನ ಅವಳು ಸಾಯೋವರೆಗೂ ಅವನು ಬಿಡಲ್ಲ. ಆಮೇಲೆ ಇನ್ಯಾರಿಗೆ ಕನಸು ಬಿದ್ರೂ ಲೆಕ್ಕಕ್ಕಿಲ್ಲ," ಎಂದ.

"ಗೊತ್ತು. ಬೇರೆ ಹೆಂಗಸರನ್ನ ಕೇಳೋ ಕೆಲಸ ಇಲ್ಲ ಇನ್ನು. ಮನೆಗೆ ಕಳ್ಸು ಅವರನ್ನ."

ಕಿಯೊಂಗಾನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ. ಸಿಟ್ಟಿದ್ದರೆ ನನ್ನೊಬ್ಬಳ ಮೇಲೆ ತೀರಿಸಿಕೊ, ಆ ಹುಡುಗಿಯ ತಂಟೆಗೆ ಹೋಗಬೇಡ ಎಂದು ಮನಸ್ಸಿನಲ್ಲೇ ಹೇಳಿದಳು.

ಜನ ಚದುರಿದ ಮೇಲೆ ಲುಸಾಂಬಾ ಗುಡಿಸಲ ಹಿಂದಿನಿಂದ ಬಂದು ಎದುರು ನಿಂತಳು. ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ.

"ನಂಬಿ ಹೇಳಿದ್ನಲ್ಲ ಅಜ್ಜಿ. ನನ್ನ ಕನಸನ್ನೇ ಕದ್ಬಿಟ್ಟೆ."

ಹೇಳಿಬಿಡಲೇ ಎಂದುಕೊಂಡಳು ಮ್ವಾದಿ. ಹೇಳಿದರೆ ಈ ಹುಡುಗಿ ಗಂಡನಿಗೆ ಹೇಳುತ್ತಾಳೆ, ಅವನು ತಾಯಿಗೆ, ಅಲ್ಲಿಗೆ ಊರಿಗೇ.

"ಹೂಂ, ಕದ್ದೆ," ಎಂದಳು.

"ಈ ಮಗುವಿಗೇನಾದ್ರೂ ಆದ್ರೆ ನಿನ್ನನ್ನ ಸುಮ್ನೆ ಬಿಡಲ್ಲ."

"ಬಿಡ್ಬೇಡ. ಹುಟ್ಟಿದ ಮೇಲೆ ಮಗ್ಗುಲಲ್ಲೇ ಮಲಗಿಸ್ಕೋ ಮಗಳೇ. ಯಾರು ಕೇಳಿದ್ರೂ ಕೊಡ್ಬೇಡ."

ಲುಸಾಂಬಾ ನೆಲಕ್ಕೆ ಉಗುಳಿ ಹೊರಟುಹೋದಳು.